ಮುಟ್ಟು ನಿಂತ ಮೇಲೆ ಅಮ್ಮನಿಗೂ ಅರ್ಧ ಗಂಟೆ ಬೇಕು

ಮುಟ್ಟು ನಿಲ್ಲುವ ವಯಸ್ಸಿಗೆ ಯುನಾನಿ ವೈದ್ಯದಲ್ಲಿ ‘ಸಿನ್ನೆ ಯಾಸ್’ ಎಂಬ ಹೆಸರಿದೆ. ‘ಸಿನ್’ ಎಂದರೆ ವಯಸ್ಸು, ‘ಯಾಸ್’ ಎಂದರೆ ನಿರಾಸೆ. ಇನ್ನು ಮುಟ್ಟಾಗುವ, ಗರ್ಭ ಧರಿಸುವ ನಿರೀಕ್ಷೆ ಇಲ್ಲ ಎಂಬಷ್ಟೇ ಅದರ ಅರ್ಥ. ಪವಿತ್ರ ಕುರ್‌ಆನಿನ ‘ಅತ್ತಲಾಕ್’ ಅಧ್ಯಾಯದಲ್ಲೂ ಇದೇ ಮೂಲದ ಪದ ಮುಟ್ಟಿಗೆ ಸಂಬಂಧಿಸಿಯೇ ಬಂದಿದೆ. ಆದರೆ ನಮ್ಮ ಮನೆಗಳಲ್ಲಿ ಈ ನಿರಾಸೆಯನ್ನು ಹೆಣ್ಣಿನ ಇಡೀ ದೇಹಕ್ಕೆ ಅಂಟಿಸಿಬಿಟ್ಟಿದ್ದೇವೆ. “ಐವತ್ತಾಯಿತಲ್ಲ, ದಪ್ಪ ಆಗೋದು ಸಹಜ”, “ಅಜ್ಜಿಯಾದ ಮೇಲೆ ಇನ್ನೆಂಥ ವ್ಯಾಯಾಮ”, “ಮಂಡಿ ನೋವು ಎಲ್ಲರಿಗೂ ಇದ್ದದ್ದೇ” ಎಂಬ ಮಾತುಗಳು ಎಷ್ಟು ಸಾಮಾನ್ಯವಾಗಿವೆ ಎಂದರೆ, ಹೇಳುವವರಿಗೂ ಕೇಳುವವರಿಗೂ ಅದರಲ್ಲಿ ತಪ್ಪೇನೂ ಕಾಣುವುದಿಲ್ಲ.

ನಮ್ಮ ದೇಶದ ಹೆಣ್ಣುಮಕ್ಕಳಿಗೆ ಸರಾಸರಿ 46–47ನೇ ವಯಸ್ಸಿಗೆ ಮುಟ್ಟು ನಿಲ್ಲುತ್ತದೆ. ಅಲ್ಲಾಹನು ಆಯುಸ್ಸು ಕೊಟ್ಟರೆ ಆಮೇಲೆ ಇಪ್ಪತ್ತೈದು, ಮೂವತ್ತು ವರ್ಷ ಬದುಕುವುದಿದೆ. ಅಂದರೆ ಬದುಕಿನ ಮೂರನೆಯ ಒಂದು ಭಾಗ. ಈ ವರ್ಷಗಳನ್ನು ಒಬ್ಬ ತಾಯಿ ತನ್ನ ಕಾಲ ಮೇಲೆ ನಿಂತು ಕಳೆಯುತ್ತಾಳೋ, ಸಕ್ಕರೆ ಕಾಯಿಲೆ, ಬಿ.ಪಿ., ಮಂಡಿ ನೋವುಗಳ ನಡುವೆ ಮಂಚದ ಮೇಲೆ ಕಳೆಯುತ್ತಾಳೋ ಎಂಬುದು ಬಹುಮಟ್ಟಿಗೆ ಮುಟ್ಟು ನಿಂತ ಮೊದಲ ಹತ್ತು ವರ್ಷಗಳಲ್ಲಿ ತೀರ್ಮಾನವಾಗುತ್ತದೆ. ಆ ತೀರ್ಮಾನ ಅವಳೊಬ್ಬಳ ಕೈಯಲ್ಲಿಲ್ಲ, ಮನೆಯವರೆಲ್ಲರ ಕೈಯಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಹಾಗಾಗಿ ಈ ಲೇಖನವನ್ನು ಸಹೋದರಿಯರ ಜೊತೆಗೆ ಅವರ ಗಂಡಂದಿರೂ ಗಂಡುಮಕ್ಕಳೂ ಓದಬೇಕು.

ದೇಹದೊಳಗೆ ಏನಾಗುತ್ತದೆ?

ಮುಟ್ಟು ನಿಲ್ಲುವುದೆಂದರೆ ಅಂಡಾಶಯವು ಈಸ್ಟ್ರೋಜನ್ ಎಂಬ ಹಾರ್ಮೋನನ್ನು ತಯಾರಿಸುವುದನ್ನು ಬಹುತೇಕ ನಿಲ್ಲಿಸುವುದು. ಈ ಹಾರ್ಮೋನು ಇದ್ದಷ್ಟು ದಿನ ಕೊಬ್ಬು ಹೆಚ್ಚಾಗಿ ತೊಡೆ ಮತ್ತು ಪೃಷ್ಠಗಳಲ್ಲಿ ಸೇರುತ್ತದೆ. ಅದು ಕಡಿಮೆಯಾದ ಮೇಲೆ ಕೊಬ್ಬಿನ ಜಾಗ ಬದಲಾಗಿ ಹೊಟ್ಟೆಯೊಳಗೆ, ಕರುಳು ಮತ್ತು ಯಕೃತ್ತಿನ ಸುತ್ತ ಸೇರತೊಡಗುತ್ತದೆ. ಹೊಟ್ಟೆಯೊಳಗಿನ ಕೊಬ್ಬು ಸುಮ್ಮನೆ ಬಿದ್ದಿರುವುದಿಲ್ಲ. ಅದು ಇನ್ಸುಲಿನ್‌ನ ಕೆಲಸಕ್ಕೆ ಅಡ್ಡ ಬರುತ್ತದೆ. ರಕ್ತದಲ್ಲಿ ಸಕ್ಕರೆ ಏರುತ್ತದೆ, ಕೆಟ್ಟ ಕೊಲೆಸ್ಟ್ರಾಲ್ ಹೆಚ್ಚುತ್ತದೆ, ರಕ್ತದೊತ್ತಡ ಮೇಲಕ್ಕೆ ಹೋಗುತ್ತದೆ. ಅದೇ ಹೊತ್ತಿಗೆ ಸ್ನಾಯು ಕರಗುತ್ತಿರುತ್ತದೆ, ಮೂಳೆ ಸವೆಯುತ್ತಿರುತ್ತದೆ. ಮುಟ್ಟು ನಿಂತ ಮೊದಲ ಐದಾರು ವರ್ಷಗಳಲ್ಲೇ ಮೂಳೆಯ ಸವಕಳಿ ಅತಿ ವೇಗವಾಗಿ ನಡೆಯುತ್ತದೆ.

ಊಟ ಹೆಚ್ಚು ಮಾಡದಿದ್ದರೂ ಹೊಟ್ಟೆ ಬಂತು ಎಂದು ಹೆಂಗಸರು ಹೇಳುವುದನ್ನು ಮನೆಯವರು ನಂಬುವುದಿಲ್ಲ. ನಂಬಬೇಕು. ಸ್ನಾಯು ಕಡಿಮೆಯಾದ ದೇಹಕ್ಕೆ ಮೊದಲಿನಷ್ಟೇ ಊಟವೂ ಹೆಚ್ಚಾಗುತ್ತದೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಮೊದಲ ಬಾರಿಗೆ ಸೊಂಟದ ಸುತ್ತಳತೆಯನ್ನೂ ಅಳೆದರು. ಆ ಅಂಕಿ ಅಂಶಗಳ ಪ್ರಕಾರ ಭಾರತದಲ್ಲಿ ನೂರಕ್ಕೆ 40 ಹೆಂಗಸರಿಗೆ ಹೊಟ್ಟೆಯ ಬೊಜ್ಜಿದೆ, ಗಂಡಸರಲ್ಲಿ 12 ಮಂದಿಗೆ ಮಾತ್ರ. ಇದು 49 ವರ್ಷದೊಳಗಿನವರ ಲೆಕ್ಕ. ಅಂದರೆ ಮುಟ್ಟು ನಿಲ್ಲುವ ಮೊದಲೇ ಅರ್ಧ ದಾರಿ ಸವೆದಿರುತ್ತದೆ. ನಮ್ಮ ಜನಕ್ಕೆ ಅನ್ವಯವಾಗುವ ಮಿತಿ ಹೆಂಗಸರಿಗೆ 80 ಸೆಂಟಿಮೀಟರ್. ದರ್ಜಿಯ ಟೇಪ್ ಮನೆಯಲ್ಲೇ ಇರುತ್ತದೆ. ಕೆಳಗಿನ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ, ಉಸಿರು ಬಿಟ್ಟಾಗ ಅಳತೆ ಮಾಡಿ ಬರೆದಿಡಿ.

ಮನೆಗೆಲಸ ವ್ಯಾಯಾಮವಲ್ಲವೇ?

“ದಿನವಿಡೀ ಮನೆಯಲ್ಲಿ ಓಡಾಡುತ್ತೇನೆ, ಬೇರೆ ವ್ಯಾಯಾಮ ಯಾಕೆ?” ಎಂಬುದು ಅತಿ ಹೆಚ್ಚು ಕೇಳಿಬರುವ ಪ್ರಶ್ನೆ. ಇದಕ್ಕೆ ಉತ್ತರ ನಮ್ಮ ಹಳೆಯ ಹಕೀಮರಲ್ಲೇ ಇದೆ. ಸಾವಿರ ವರ್ಷಗಳ ಹಿಂದೆ ಇಬ್ನ್ ಸೀನಾ ತಮ್ಮ ‘ಅಲ್ ಕಾನೂನ್’ ಗ್ರಂಥದಲ್ಲಿ ರಿಯಾಝತ್ ಅಂದರೆ ವ್ಯಾಯಾಮದ ಬಗ್ಗೆ ವಿವರವಾಗಿ ಬರೆದಿದ್ದಾರೆ. ತಾನಾಗಿ ಬಯಸಿ ಮಾಡಿದ, ಉಸಿರನ್ನು ಆಳವಾಗಿಯೂ ವೇಗವಾಗಿಯೂ ಮಾಡುವ ಚಲನೆಯನ್ನು ಅವರು ವ್ಯಾಯಾಮವೆಂದು ಪರಿಗಣಿಸುತ್ತಾರೆ. ನಮ್ಮ ಅಡುಗೆಮನೆಯ ಕೆಲಸವನ್ನು ಈ ಅಳತೆಗೆ ಹಿಡಿದು ನೋಡಿ. ಒಲೆಯ ಮುಂದೆ ನಿಲ್ಲುವುದರಿಂದ ಕಾಲು ಊದುತ್ತದೆ, ಸೊಂಟ ನೋಯುತ್ತದೆ, ದಣಿವಾಗುತ್ತದೆ. ಆದರೆ ಉಸಿರು ಏರುವುದಿಲ್ಲ. ದಣಿವು ಬೇರೆ, ವ್ಯಾಯಾಮ ಬೇರೆ. ಹಿಟ್ಟು ಬೀಸಿ, ನೀರು ಸೇದಿ, ಒನಕೆ ಹಿಡಿದ ನಮ್ಮ ಅಜ್ಜಿಯರ ಮನೆಗೆಲಸದಲ್ಲಿ ವ್ಯಾಯಾಮವಿತ್ತು. ಮಿಕ್ಸಿ, ನಲ್ಲಿ, ವಾಷಿಂಗ್ ಮೆಷೀನು ಬಂದ ಮೇಲೆ ಶ್ರಮ ಹೋಯಿತು, ನಿಂತು ನಿಂತು ಆಗುವ ದಣಿವು ಮಾತ್ರ ಉಳಿಯಿತು.

ಇನ್ನು ಮೈಸೂರು ರಸ್ತೆ, ಮಾಗಡಿ ರಸ್ತೆಯ ಆಚೀಚೆಯ ಗಲ್ಲಿಗಳಲ್ಲಿ ಮನೆಯೊಳಗೆ ಕುಳಿತು ಅಗರಬತ್ತಿ ಹೊಸೆಯುವ, ಬಟ್ಟೆ ಹೊಲಿಯುವ ಸಹೋದರಿಯರ ಕಷ್ಟ ಬೇರೆ. ಬೆಳಗಿನಿಂದ ಸಂಜೆಯವರೆಗೆ ಕಾಲು ಮಡಚಿ ಕುಳಿತು ಸಂಪಾದಿಸುವ ಅವರಿಗೆ “ವಾಕಿಂಗ್ ಹೋಗಿ” ಎನ್ನುವುದು ಸುಲಭ. ಎದ್ದರೆ ಕೂಲಿ ಕಡಿಮೆಯಾಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಂಡೇ ಸಲಹೆ ಕೊಡಬೇಕಾಗುತ್ತದೆ.

ಯಾರನ್ನೂ ಸೋಮಾರಿಗಳೆಂದು ದೂರುವುದು ನನ್ನ ಉದ್ದೇಶವಲ್ಲ. 2024ರಲ್ಲಿ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಭಾರತದ ವಯಸ್ಕ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ, ಗಂಡಸರಲ್ಲಿ 42 ಮಂದಿಗೆ ಬೇಕಾದಷ್ಟು ದೈಹಿಕ ಚಟುವಟಿಕೆ ಇಲ್ಲ. ಈ ಅಂತರಕ್ಕೆ ಹೆಂಗಸರ ಸ್ವಭಾವ ಕಾರಣವಲ್ಲ. ಗಂಡಸಿಗೆ ಫಜ್ರ್ ಮುಗಿಸಿ ಹಾಗೇ ಒಂದು ಸುತ್ತು ನಡೆದು ಬರುವ ಸ್ವಾತಂತ್ರ್ಯವಿದೆ. ಅದೇ ಹೊತ್ತಿಗೆ ಹೆಂಗಸಿಗೆ ಚಹಾ, ತಿಂಡಿ, ಮಕ್ಕಳ ಟಿಫಿನ್ ಡಬ್ಬಿ ಕಾದಿರುತ್ತವೆ.

ತೂಕದ ಯಂತ್ರವನ್ನೇ ನಂಬಬೇಡಿ

ವ್ಯಾಯಾಮ ಶುರು ಮಾಡಿದ ಅನೇಕರು ಎರಡು ತಿಂಗಳಿಗೆ ಬಿಟ್ಟುಬಿಡುತ್ತಾರೆ. ಕಾರಣ ಒಂದೇ: “ನಡೆದೂ ನಡೆದೂ ತೂಕ ಇಳಿಯಲಿಲ್ಲ.” ಇಂಥವರಿಗೆ ಚೆನ್ನೈನ ಒಂದು ಅಧ್ಯಯನದ ವಿಷಯ ಹೇಳಬೇಕು. ಡಾ. ಎ. ರಾಮಚಂದ್ರನ್ ಮತ್ತು ಅವರ ತಂಡ ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ 531 ಮಂದಿಯನ್ನು, ಗಂಡಸರನ್ನೂ ಹೆಂಗಸರನ್ನೂ, ಸುಮಾರು ಮೂರು ವರ್ಷ ಗಮನಿಸಿತು. ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಏನೂ ಮಾಡದೆ ಇದ್ದವರಲ್ಲಿ ನೂರಕ್ಕೆ 55 ಮಂದಿಗೆ ಸಕ್ಕರೆ ಕಾಯಿಲೆ ಬಂತು. ದಿನವೂ ನಡೆದು, ಊಟದಲ್ಲಿ ಹಿಡಿತವಿಟ್ಟವರಲ್ಲಿ ಅದು 39ಕ್ಕೆ ಇಳಿಯಿತು. ವಿಶೇಷವೆಂದರೆ ಹೀಗೆ ನಡೆದವರ ಸರಾಸರಿ ತೂಕದಲ್ಲಿ ಹೇಳಿಕೊಳ್ಳುವಂಥ ಇಳಿಕೆ ಆಗಿರಲಿಲ್ಲ. ತೂಕ ಇಳಿಯದಿದ್ದರೂ ಕಾಯಿಲೆ ದೂರವಾಯಿತು.

ಇದರ ಗುಟ್ಟು ಸ್ನಾಯುಗಳಲ್ಲಿದೆ. ಊಟದಿಂದ ಬಂದ ಸಕ್ಕರೆಯ ಅತಿ ದೊಡ್ಡ ಪಾಲನ್ನು ಬಳಸಿಕೊಳ್ಳುವುದು ಸ್ನಾಯುಗಳೇ. ಸ್ನಾಯು ಕೆಲಸ ಮಾಡುತ್ತಿರುವಾಗ ಇನ್ಸುಲಿನ್‌ನ ಸಹಾಯ ಹೆಚ್ಚು ಇಲ್ಲದೆಯೇ ರಕ್ತದಿಂದ ಸಕ್ಕರೆಯನ್ನು ಎಳೆದುಕೊಳ್ಳಬಲ್ಲದು. ವ್ಯಾಯಾಮದಿಂದ ಹೊಟ್ಟೆಯೊಳಗಿನ ಕೊಬ್ಬು ಸ್ವಲ್ಪ ಕರಗಿ, ಸ್ನಾಯು ಸ್ವಲ್ಪ ಬೆಳೆದರೆ ತೂಕದ ಯಂತ್ರದಲ್ಲಿ ಅದೇ ಅಂಕಿ ಕಾಣುತ್ತದೆ. ಆದರೆ ಟೇಪಿನಲ್ಲಿ ಸೊಂಟ ಸಣ್ಣಗಾಗಿರುತ್ತದೆ, ಸಕ್ಕರೆಯ ವರದಿ ಉತ್ತಮವಾಗಿರುತ್ತದೆ. ಇದಕ್ಕೆ ವಿರುದ್ಧವಾಗಿ, ಬರೀ ಊಟ ಬಿಟ್ಟು ಬೇಗ ತೂಕ ಇಳಿಸಿದರೆ ಕೊಬ್ಬಿನ ಜೊತೆ ಸ್ನಾಯುವೂ ಮೂಳೆಯೂ ಹೋಗುತ್ತವೆ. ಐವತ್ತೈದು ವರ್ಷದವರಿಗೆ ಅದು ನಷ್ಟದ ವ್ಯಾಪಾರ.

ತೂಕ ಇಳಿಸುವುದೇ ಬೇಡ ಎಂದಲ್ಲ. ಬೊಜ್ಜು ಹೆಚ್ಚಿರುವವರು ಐದರಿಂದ ಏಳು ಶೇಕಡದಷ್ಟು ತೂಕವನ್ನು ನಿಧಾನವಾಗಿ ಇಳಿಸಿದರೂ ದೊಡ್ಡ ಲಾಭವಿದೆ. 2002ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಏಳು ಶೇಕಡದ ಗುರಿ ಮತ್ತು ವಾರಕ್ಕೆ 150 ನಿಮಿಷದ ನಡಿಗೆಯಿಂದ ಸಕ್ಕರೆ ಕಾಯಿಲೆಯ ಅಪಾಯ 58 ಶೇಕಡ ಕಡಿಮೆಯಾಯಿತು. ಅರುವತ್ತು ದಾಟಿದವರಿಗೆ ಆದ ಲಾಭ ಅದಕ್ಕಿಂತಲೂ ಹೆಚ್ಚು, 71 ಶೇಕಡ. “ಈ ವಯಸ್ಸಿನಲ್ಲಿ ಏನು ಪ್ರಯೋಜನ” ಎನ್ನುವವರು ಈ ಅಂಕಿಯನ್ನು ನೆನಪಿಡಬೇಕು.

ಸಜ್ದಾದಿಂದ ಏಳುವ ಶಕ್ತಿ

ಐದು ಹೊತ್ತಿನ ನಮಾಝ್ ಮಾಡುತ್ತೇವೆ, ಅದೇ ವ್ಯಾಯಾಮ ಎನ್ನುವವರಿದ್ದಾರೆ. ನಮಾಝ್ ಇಬಾದತ್. ಅದರಲ್ಲಿ ಬಾಗುವುದು, ಏಳುವುದು ಇರುವುದರಿಂದ ಕೀಲುಗಳಿಗೆ ಒಳ್ಳೆಯದೇ. ಆದರೆ ಉಸಿರು ಏರಿಸುವ ವ್ಯಾಯಾಮದ ಕೆಲಸವನ್ನು ಅದರಿಂದ ನಿರೀಕ್ಷಿಸುವುದು ಸರಿಯಲ್ಲ. ಬದಲಿಗೆ ವೈದ್ಯಳಾಗಿ ನಾನು ಇನ್ನೊಂದು ವಿಷಯ ಗಮನಿಸುತ್ತೇನೆ. ಐವತ್ತು, ಐವತ್ತೈದಕ್ಕೇ ಕುರ್ಚಿಯ ಮೇಲೆ ಕುಳಿತು ನಮಾಝ್ ಮಾಡುವ ಹೆಂಗಸರು ಎಷ್ಟೊಂದು ಮಂದಿ! ಶರೀಅತ್ ಆ ರಿಯಾಯಿತಿ ಕೊಟ್ಟಿದೆ, ಅಗತ್ಯವಿರುವವರು ಬಳಸಲಿ. ಆದರೆ ನೆಲದಿಂದ ಏಳಲು ಗೋಡೆ ಹಿಡಿಯಬೇಕಾಗುವುದು ತೊಡೆಯ ಸ್ನಾಯು ಸೋಲುತ್ತಿರುವ ಮೊದಲ ಸೂಚನೆ. ಆಗಲೇ ಎಚ್ಚೆತ್ತರೆ ಅನೇಕರು ಕುರ್ಚಿಯಿಂದ ಮತ್ತೆ ಮುಸಲ್ಲಾಕ್ಕೆ ಬರಬಹುದು.

ಒಂದು ಸುಲಭ ಪರೀಕ್ಷೆ ಇದೆ. ಕೈಯಿಲ್ಲದ ಗಟ್ಟಿ ಕುರ್ಚಿಯನ್ನು ಗೋಡೆಗೆ ತಾಗಿಸಿಡಿ. ಎರಡೂ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರಬಲ್ಲಿರಿ ಎಣಿಸಿ. 60ರಿಂದ 64 ವರ್ಷದ ಹೆಂಗಸರಿಗೆ 12ಕ್ಕಿಂತ ಕಡಿಮೆ ಬಂದರೆ ಸರಾಸರಿಗಿಂತ ಕೆಳಗೆ ಎಂದರ್ಥ, ಬೀಳುವ ಅಪಾಯವೂ ಹೆಚ್ಚು. ಪರೀಕ್ಷೆಯೇ ಚಿಕಿತ್ಸೆಯೂ ಹೌದು. ಇದನ್ನೇ ದಿನ ಬಿಟ್ಟು ದಿನ ಹತ್ತತ್ತು ಸಲದಂತೆ ಎರಡು ಮೂರು ಸುತ್ತು ಮಾಡಿದರೆ ತೊಡೆ ಬಲವಾಗುತ್ತದೆ.

ಹಜ್, ಉಮ್ರಾಕ್ಕೆ ಹೊರಡುವವರಿಗೂ ಇದೇ ಮಾತು. ಸಫಾ ಮತ್ತು ಮರ್ವಾ ನಡುವೆ ಏಳು ಸಲ ನಡೆಯುವುದೇ ಮೂರು ಕಿಲೋಮೀಟರಿಗಿಂತ ಹೆಚ್ಚು. ಅದಕ್ಕೆ ಮೊದಲು ತವಾಫ್ ಇದೆ, ಹಜ್ಜಿನಲ್ಲಿ ಮಿನಾದ ನಡಿಗೆಯೂ ಇದೆ. ಲಕ್ಷಗಟ್ಟಲೆ ಹಣ ಕಟ್ಟಿ, ವರ್ಷಗಟ್ಟಲೆ ಕಾದು, ಸೂಟ್‌ಕೇಸು ತುಂಬುವ ಕುಟುಂಬಗಳು ತಾಯಿಯ ಕಾಲುಗಳನ್ನು ಆರು ತಿಂಗಳ ಮೊದಲೇ ಸಿದ್ಧ ಮಾಡುವ ಬಗ್ಗೆ ಯೋಚಿಸುವುದೇ ಇಲ್ಲ.

ಏನು ಮಾಡಬೇಕು?

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಂತೆ ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಿನ ನಡಿಗೆಯಂಥ ಚಟುವಟಿಕೆ, ಜೊತೆಗೆ ವಾರಕ್ಕೆ ಎರಡು ದಿನ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ ಬೇಕು. ವಾರಕ್ಕೆ ಐದು ದಿನ, ದಿನಕ್ಕೆ ಅರ್ಧ ಗಂಟೆ ಎಂದು ಇಟ್ಟುಕೊಳ್ಳಿ.

ನಡಿಗೆ: ನಡೆಯುವಾಗ ಜೊತೆಯವರ ಹತ್ತಿರ ಮಾತಾಡಲು ಆಗಬೇಕು, ಆದರೆ ನಅತ್ ಹಾಡಲು ಆಗಬಾರದು. ಅದು ಸರಿಯಾದ ವೇಗ. ಬುರ್ಖಾ ನಡಿಗೆಗೆ ಅಡ್ಡಿಯಲ್ಲ, ಸಡಿಲವಾದ ಚಪ್ಪಲಿ ಅಡ್ಡಿ. ಕ್ಯಾನ್ವಾಸ್ ಶೂ ಹಾಕಿಕೊಳ್ಳಿ. ಒಂದೇ ಸಲ ಅರ್ಧ ಗಂಟೆ ಸಿಗದವರು ಮೂರು ಊಟದ ನಂತರ ಹತ್ತು ಹತ್ತು ನಿಮಿಷ ನಡೆಯಲಿ. ಊಟದ ನಂತರದ ನಡಿಗೆ ಏರುವ ಸಕ್ಕರೆಯನ್ನು ಆಗಲೇ ಹಿಡಿಯುತ್ತದೆ. ಕೂತು ದುಡಿಯುವ ಸಹೋದರಿಯರಿಗೆ ಇದೇ ಹೆಚ್ಚು ಅನುಕೂಲ. ಕೆಂಗೇರಿ ಉಪನಗರದವರಿಗೆ ಅಗಲವಾದ ರಸ್ತೆಗಳಿವೆ, ಜ್ಞಾನಭಾರತಿ ಹತ್ತಿರದವರಿಗೆ ಮರದ ನೆರಳಿದೆ. ವಿಜಯನಗರ, ರಾಜಾಜಿನಗರದ ಇಕ್ಕಟ್ಟಿನ ಮನೆಗಳವರಿಗೆ ತಾರಸಿಯಾದರೂ ಇದೆ. ಶಕ್ತಿ ಯೋಜನೆಯಲ್ಲಿ ಬಸ್ಸು ಉಚಿತವಾಗಿರುವಾಗ ಒಂದು ಸ್ಟಾಪ್ ಮೊದಲೇ ಇಳಿದು ನಡೆದರೆ ಖರ್ಚೇನೂ ಇಲ್ಲ.

ಬಲ: ಕುರ್ಚಿಯಿಂದ ಏಳುವುದು, ಗೋಡೆಗೆ ಕೈಕೊಟ್ಟು ತಳ್ಳುವುದು, ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಲ್ಲುವುದು, ಒಂದು ಲೀಟರ್ ನೀರಿನ ಬಾಟಲಿಯನ್ನು ಎರಡೂ ಕೈಯಲ್ಲಿ ಎತ್ತಿಳಿಸುವುದು. ಈ ನಾಲ್ಕು ಸಾಕು. ಸುಲಭವೆನಿಸಿದಂತೆ ಸಂಖ್ಯೆಯನ್ನೂ ಭಾರವನ್ನೂ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ.

ಊಟ: ಯುನಾನಿಯಲ್ಲಿ ಅತಿಬೊಜ್ಜಿಗೆ ‘ಸಿಮನೆ ಮುಫ್ರಿತ್’ ಎನ್ನುತ್ತಾರೆ. ಅದರ ಚಿಕಿತ್ಸೆಯಲ್ಲಿ ಆಹಾರ ತಗ್ಗಿಸುವುದಕ್ಕೂ ವ್ಯಾಯಾಮಕ್ಕೂ ಮುಖ್ಯ ಸ್ಥಾನವಿದೆ. ತಟ್ಟೆಯಲ್ಲಿ ಅನ್ನ ಅರ್ಧ ಮಾಡಿ, ತರಕಾರಿ ಹೆಚ್ಚಿಸಿ. ಮೊಟ್ಟೆ, ಮೀನು, ಬೇಳೆ, ಕಾಳು, ಮೊಸರು ಇವುಗಳಲ್ಲಿ ಒಂದಾದರೂ ಪ್ರತಿ ಊಟದಲ್ಲಿರಲಿ, ಸ್ನಾಯು ಕಟ್ಟಲು ಅದು ಬೇಕು. ದಿನಕ್ಕೆ ನಾಲ್ಕು ಕಪ್ ಚಹಾ, ಎರಡೆರಡು ಚಮಚ ಸಕ್ಕರೆ ಎಂದರೆ ಎಂಟು ಚಮಚವಾಯಿತು. ದಿನಕ್ಕೆ ಆರು ಚಮಚದೊಳಗೆ, ಅಂದರೆ 25 ಗ್ರಾಮಿನೊಳಗೆ ಇದ್ದರೆ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮತ್ತೊಂದು ವಿಷಯ: ಎಲ್ಲರ ಊಟವಾದ ಮೇಲೆ, ವ್ಯರ್ಥವಾಗಬಾರದೆಂದು ಮಕ್ಕಳ ತಟ್ಟೆಯಲ್ಲಿ ಉಳಿದದ್ದನ್ನೂ ತಾಯಿಯೇ ತಿಂದು ಮುಗಿಸುತ್ತಾಳೆ. ವ್ಯರ್ಥ ಮಾಡದಿರಲು ದಾರಿ ಕಡಿಮೆ ಬಡಿಸುವುದು, ತಾಯಿಯ ಹೊಟ್ಟೆಯಲ್ಲ.

ಎಚ್ಚರಿಕೆ: ನಡೆಯುವಾಗ ಎದೆ ಬಿಗಿದರೆ, ತಲೆ ಸುತ್ತಿದರೆ ನಿಲ್ಲಿಸಿ, ವೈದ್ಯರನ್ನು ಕಾಣಿ. ಸಕ್ಕರೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಜೊತೆಯಲ್ಲಿ ಎರಡು ಖರ್ಜೂರ ಇಟ್ಟುಕೊಳ್ಳಿ, ರಮಝಾನ್‌ಗೆ ಮೊದಲೇ ವೈದ್ಯರಿಂದ ಔಷಧಿಯ ಪ್ರಮಾಣವನ್ನು ಸರಿಪಡಿಸಿಕೊಳ್ಳಿ. ಮುಟ್ಟು ನಿಂತು ಒಂದು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ಸ್ತ್ರೀರೋಗ ತಜ್ಞರಿಗೆ ತೋರಿಸಲೇಬೇಕು. ಈ ವಯಸ್ಸಿನ ಬೊಜ್ಜು ಗರ್ಭಕೋಶದ ಮತ್ತು ಸ್ತನದ ಕ್ಯಾನ್ಸರಿನ ಅಪಾಯವನ್ನೂ ಹೆಚ್ಚಿಸುತ್ತದೆ. ನಾಚಿಕೆಯಿಂದ ಮುಚ್ಚಿಡುವ ವಿಷಯ ಇದಲ್ಲ.

ಪುಡಿ, ಫಕ್ಕಿಗಳ ಬಗ್ಗೆ

ಯುನಾನಿ ವೈದ್ಯೆಯಾದ್ದರಿಂದ “ತೂಕ ಇಳಿಸುವ ಔಷಧಿ ಕೊಡಿ” ಎಂದು ಕೇಳುವವರು ಬಹಳ. ‘ಸಫೂಫೆ ಮುಹಝ್ಝಿಲ್’ ನಮ್ಮ ಗ್ರಂಥಗಳಲ್ಲಿರುವ ಔಷಧಿಯೇ. ಆದರೆ ವ್ಯಾಯಾಮ, ಪಥ್ಯಗಳನ್ನು ಬಿಟ್ಟು ಬರೀ ಪುಡಿ ನುಂಗುವುದು ಯುನಾನಿಯ ದಾರಿಯಲ್ಲ. ಆರೋಗ್ಯಕ್ಕೆ ಅನಿವಾರ್ಯವಾದ ಆರು ಸಂಗತಿಗಳನ್ನು, ‘ಅಸ್ಬಾಬೆ ಸಿತ್ತಾ ಝರೂರಿಯ್ಯಾ’ಗಳನ್ನು, ನಮ್ಮ ವೈದ್ಯ ಹೇಳುತ್ತದೆ. ಅವುಗಳಲ್ಲಿ ದೇಹದ ಚಲನೆ ಮತ್ತು ವಿಶ್ರಾಂತಿ ಒಂದು. ಅದನ್ನು ಪುಡಿಯ ಡಬ್ಬಿಯಲ್ಲಿ ತುಂಬಿ ಕೊಡಲು ಬರುವುದಿಲ್ಲ. ಹದಿನೈದು ದಿನದಲ್ಲಿ ಹತ್ತು ಕಿಲೋ ಎಂದು ಮೊಬೈಲಿನಲ್ಲಿ ಜಾಹೀರಾತು ಬರುವ ಹೆಸರಿಲ್ಲದ ಫಕ್ಕಿಗಳಿಂದ ದೂರವಿರಿ. ಅವುಗಳಲ್ಲಿ ಏನಿದೆಯೆಂದು ಯಾರಿಗೂ ಗೊತ್ತಿರುವುದಿಲ್ಲ. ಸಕ್ಕರೆ, ಬಿ.ಪಿ. ಮಾತ್ರೆಗಳನ್ನು ಯಾರೋ ಹೇಳಿದರೆಂದು ನಿಲ್ಲಿಸಬೇಡಿ. ಸಕ್ಕರೆ, ಬಿ.ಪಿ. ತಪಾಸಣೆಗೆ ಹತ್ತಿರದ ನಮ್ಮ ಕ್ಲಿನಿಕ್ ಇದೆ. ಯುನಾನಿ ಸಲಹೆ ಬೇಕಾದವರಿಗೆ ಮಾಗಡಿ ರಸ್ತೆಯ ಕೊಟ್ಟಿಗೆಪಾಳ್ಯದಲ್ಲಿ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆ ಇದೆ. ಸ್ತ್ರೀರೋಗಕ್ಕೂ, ವ್ಯಾಯಾಮ, ಮಾಲೀಶುಗಳನ್ನು ಒಳಗೊಂಡ ‘ಇಲಾಜ್ ಬಿತ್ತದ್ಬೀರ್’ ಚಿಕಿತ್ಸೆಗೂ ಅಲ್ಲಿ ಪ್ರತ್ಯೇಕ ವಿಭಾಗಗಳಿವೆ. ಇಷ್ಟು ದೊಡ್ಡ ಸಂಸ್ಥೆ ನಮ್ಮ ಮನೆಬಾಗಿಲಲ್ಲೇ ಇರುವುದು ನಮ್ಮಲ್ಲೇ ಅನೇಕರಿಗೆ ಗೊತ್ತಿಲ್ಲ.

ಮನೆಯವರಿಗೆ, ಕಮಿಟಿಯವರಿಗೆ

ಪ್ರವಾದಿ ಮುಹಮ್ಮದ್(ಸ)ರು ಹಝ್ರತ್ ಆಯಿಶಾ(ರ)ರೊಂದಿಗೆ ಓಟದ ಪಂದ್ಯ ಮಾಡಿದ ಹದೀಸ್ ಎಲ್ಲರಿಗೂ ಗೊತ್ತು. ಮೊದಲ ಸಲ ಆಯಿಶಾ(ರ) ಗೆದ್ದರು. ಮುಂದೆ ಅವರ ಮೈ ತುಂಬಿಕೊಂಡ ಮೇಲೆ ಮತ್ತೊಮ್ಮೆ ಓಡಿದಾಗ ಪ್ರವಾದಿ(ಸ)ರು ಗೆದ್ದರು. ಹೆಂಡತಿಯ ಮೈ ತುಂಬಿಕೊಂಡಿತೆಂದು ಅವರು ಓಟ ನಿಲ್ಲಿಸಲಿಲ್ಲ, ಹಂಗಿಸಲೂ ಇಲ್ಲ. ಜೊತೆಯಲ್ಲಿ ಓಡಿದರು. ಇದನ್ನು ಕೇಳಿ ಮುಗುಳ್ನಗುವ ನಮ್ಮ ಗಂಡಸರಲ್ಲಿ ಇಶಾ ನಂತರ ಹೆಂಡತಿಯ ಜೊತೆ ಹದಿನೈದು ನಿಮಿಷ ನಡೆಯುವವರು ಎಷ್ಟು ಮಂದಿ?

ಗಂಡುಮಕ್ಕಳಿಗೆ ಒಂದು ಮಾತು. ತಾಯಿಗೆ ಸಕ್ಕರೆ ಅಳೆಯುವ ಯಂತ್ರ ತಂದುಕೊಡುವುದು ಒಳ್ಳೆಯದೇ. ಅದಕ್ಕಿಂತ ಹೆಚ್ಚಿನದು, ಬೆಳಗಿನ ಒಂದು ಕೆಲಸವನ್ನು ಅವಳ ಕೈಯಿಂದ ತೆಗೆದುಕೊಳ್ಳುವುದು. ಮಕ್ಕಳ ಡಬ್ಬಿಯೋ, ಚಹಾದ ಪಾತ್ರೆಯೋ, ಯಾವುದಾದರೂ ಸರಿ. ಹಾಗೆ ಬಿಡುವಾದ ಅರ್ಧ ಗಂಟೆ ಅವಳದು. ಆ ಹೊತ್ತಿನಲ್ಲಿ ಅವಳನ್ನು ಯಾರೂ ಕರೆಯಬಾರದು. ಸೊಸೆಯ ತಲೆಗೆ ಆ ಕೆಲಸ ಕಟ್ಟುವುದೂ ಪರಿಹಾರವಲ್ಲ, ಹತ್ತಿಪ್ಪತ್ತು ವರ್ಷದಲ್ಲಿ ಅವಳೂ ಇದೇ ವಯಸ್ಸಿಗೆ ಬರುತ್ತಾಳೆ.

ಮಸೀದಿ ಕಮಿಟಿಯವರಲ್ಲೂ ಒಂದು ವಿನಂತಿ. ನಮ್ಮ ಹೆಂಗಸರಲ್ಲಿ ಕೆಲವರಿಗೆ ಪಾರ್ಕಿನಲ್ಲಿ ನಡೆಯಲು ಸಂಕೋಚ, ಕೆಲವರಿಗೆ ಬೀದಿನಾಯಿಗಳ ಭಯ, ಕೆಲವರಿಗೆ ಜಿಮ್ಮಿನ ಹಣ ಕೈಗೆಟಕದು. ಅದೇ ಹೊತ್ತಿಗೆ ಎಷ್ಟೋ ಮೊಹಲ್ಲಾಗಳಲ್ಲಿ ಮದ್ರಸಾದ ಕೋಣೆ, ಮದುವೆ ಹಾಲ್‌ಗಳು ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಖಾಲಿ ಇರುತ್ತವೆ. ವಾರಕ್ಕೆ ಮೂರು ದಿನ, ಒಂದೊಂದು ಗಂಟೆ ಹೆಂಗಸರಿಗೆಂದೇ ಬಿಟ್ಟುಕೊಡಿ. ಇಪ್ಪತ್ತು ಕುರ್ಚಿ, ಕಲಿಸಿಕೊಡಲು ಒಬ್ಬ ಮಹಿಳಾ ಫಿಸಿಯೋಥೆರಪಿಸ್ಟ್ ಅಥವಾ ವೈದ್ಯೆ ಇದ್ದರೆ ಸಾಕು. ಅಕ್ಕಪಕ್ಕದ ಮನೆಯವರು, ಯಾವ ಸಮುದಾಯದವರಾದರೂ, ಬರುತ್ತೇವೆಂದರೆ ಅವರನ್ನೂ ಸೇರಿಸಿಕೊಳ್ಳಿ. ರೋಗ ಬಂದ ಮೇಲೆ ಆಸ್ಪತ್ರೆಯ ಬಿಲ್ಲಿಗೆ ಚಂದಾ ಎತ್ತುವ ನಮ್ಮ ಕಮಿಟಿಗಳು ರೋಗ ಬಾರದಂತೆ ತಡೆಯಲು ಒಂದು ಖಾಲಿ ಕೋಣೆ ಕೊಡಲಾರವೇ?

ಸಹೋದರಿಯರೇ, ಯಾರಾದರೂ ವ್ಯವಸ್ಥೆ ಮಾಡಲಿ ಎಂದು ಕಾಯಬೇಡಿ. ಇಂದೇ ಸೊಂಟದ ಅಳತೆ, 30 ಸೆಕೆಂಡಿನ ಎಣಿಕೆ ಎರಡನ್ನೂ ಕ್ಯಾಲೆಂಡರಿನ ಮೇಲೆ ಬರೆಯಿರಿ. ಮೂರು ತಿಂಗಳು ಬಿಡದೆ ಮಾಡಿ, ಮತ್ತೆ ಅಳೆದು ಪಕ್ಕದಲ್ಲೇ ಬರೆಯಿರಿ. ತೂಕ ಏನೇ ಹೇಳಲಿ, ಈ ಎರಡು ಅಂಕಿಗಳು ನಿಮಗೆ ನಿಜ ಹೇಳುತ್ತವೆ.